ಸ್ವಯಂಸೇವಾ ಸಂಸ್ಥೆಯ ನಾಯಕತ್ವಕ್ಕೆ ಯಾವ ಸ್ನಾತಕೋತ್ತರ ಪದವಿ?

ಪ್ರಶ್ನೆ: ನನಗೆ 30 ವರ್ಷ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಏಳು ವರ್ಷಗಳಿಂದ ಇದ್ದೇನೆ. ಸದ್ಯ ಕಾರ್ಯಕ್ರಮ ಸಂಯೋಜಕಿ. ಮುಂದಿನ ಎಂಟು ಹತ್ತು ವರ್ಷಗಳಲ್ಲಿ ಇಂಥದೇ ಸಂಸ್ಥೆಯೊಂದರ ಮುಖ್ಯಸ್ಥೆಯಾಗಬೇಕೆಂಬ ಆಸೆಯಿದೆ. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು, ಅಭಿವೃದ್ಧಿ ಅಧ್ಯಯನದಲ್ಲಿ ಎಂಎ, ಸಾರ್ವಜನಿಕ ಆಡಳಿತ, ಎಂಬಿಎ, ಲಾಭರಹಿತ ಸಂಸ್ಥೆಗಳ ನಿರ್ವಹಣೆ ಎಂದು ಐದು ಪದವಿಗಳ ಪಟ್ಟಿ ಮಾಡಿಕೊಂಡಿದ್ದೇನೆ. ಮಕ್ಕಳು, ಪೋಷಕರು, ಶಿಕ್ಷಕರ ಜತೆಗಿನ ಕೆಲಸ ನನಗೆ ಸಲೀಸು. ಬಜೆಟ್ ಸಭೆಯಲ್ಲಿ ಮಾತ್ರ ಬಾಯಿ ಬಿಡದೆ ಕೂತಿರುತ್ತೇನೆ. ಮನಸ್ಸು ಎಂಎಸ್‌ಡಬ್ಲ್ಯು ಕಡೆಗೆ ಎಳೆಯುತ್ತಿದೆ. ಯಾವುದನ್ನು ಆರಿಸಿಕೊಳ್ಳಲಿ? ಕೆಲಸ ಬಿಟ್ಟು ಓದಬೇಕೆ? ಪದವಿಯೇ ಇಲ್ಲದೆ ಮುಂದೆ ಹೋಗಲು ಸಾಧ್ಯವಿಲ್ಲವೆ?

ಉತ್ತರ: ನಿಮ್ಮ ಐದು ಪದವಿಗಳ ಪಟ್ಟಿಗಿಂತ, ಬಜೆಟ್ ಸಭೆಯ ಬಗ್ಗೆ ಮಾತಿನ ನಡುವೆ ನೀವು ಹೇಳಿಬಿಟ್ಟ ಒಂದು ವಾಕ್ಯ ನನ್ನ ಗಮನವನ್ನು ಹೆಚ್ಚು ಸೆಳೆಯಿತು. ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಅಲ್ಲೇ ಇದೆ. ಸುತ್ತು ಬಳಸದೆ ಮೊದಲೇ ಹೇಳಿಬಿಡುತ್ತೇನೆ: ನೀವು ವಿವರಿಸಿರುವ ಪರಿಸ್ಥಿತಿಯಲ್ಲಿ ನಾನು ಎಂಎಸ್‌ಡಬ್ಲ್ಯುವನ್ನಾಗಲಿ ಅಭಿವೃದ್ಧಿ ಅಧ್ಯಯನವನ್ನಾಗಲಿ ಸೂಚಿಸುವುದಿಲ್ಲ. ಹಣಕಾಸು, ಆಡಳಿತ ಮಂಡಳಿಯೊಂದಿಗಿನ ವ್ಯವಹಾರ, ನಿಧಿ ಸಂಗ್ರಹ, ಸಿಬ್ಬಂದಿಯ ನಿರ್ವಹಣೆ ಈ ನಾಲ್ಕನ್ನೂ ಲಾಭರಹಿತ ಸಂಸ್ಥೆಯ ನೆಲೆಯಲ್ಲಿ ನಿಂತು ಕಲಿಸುವ ಪದವಿಯೊಂದನ್ನು, ಕೆಲಸ ಬಿಡದೆ, ಅರೆಕಾಲಿಕವಾಗಿ ಓದುವುದು ನಿಮಗೆ ಹೆಚ್ಚು ಹೊಂದುತ್ತದೆ. ಅದರ ಹೆಸರು ಲಾಭರಹಿತ ಸಂಸ್ಥೆಗಳ ನಿರ್ವಹಣೆ ಎಂದಿರಬಹುದು, ಸಾರ್ವಜನಿಕ ಆಡಳಿತ ಎಂದಿರಬಹುದು, ಎಂಬಿಎ ಎಂದೂ ಇರಬಹುದು. ಈ ಸಲಹೆ ಎಲ್ಲರಿಗೂ ಅನ್ವಯಿಸುವಂಥದ್ದಲ್ಲ. ಹತ್ತು ವರ್ಷ ಬ್ಯಾಂಕಿನಲ್ಲಿ ದುಡಿದು ಈಗ ಈ ಕ್ಷೇತ್ರಕ್ಕೆ ಬರಬೇಕೆಂದಿರುವವರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ತಿರುವುಮುರುವಾಗುತ್ತಿತ್ತು.

ನಾನು ಸ್ವತಃ ಸಮಾಜಕಾರ್ಯ ಓದಿ ಬಂದವನು. ಜನರ ನಡುವೆ ಒಂಬತ್ತು ವರ್ಷ ಕೆಲಸ ಮಾಡಿದ ಮೇಲೆ ಸಣ್ಣ ಸಂಸ್ಥೆಯೊಂದರ ಹೊಣೆ ನನ್ನ ಹೆಗಲಿಗೆ ಬಂತು. ಮೊದಲ ವರ್ಷವೇ ದೊಡ್ಡದೊಂದು ಅನುದಾನ ದೊರೆಯಿತು. ಆ ಸಂಭ್ರಮದಲ್ಲಿ ಒಪ್ಪಂದದ ಕಾರ್ಯಕ್ರಮ ಭಾಗವನ್ನು ಸಾಲುಸಾಲಾಗಿ ಓದಿ, ಹಣಕಾಸಿನ ಅನುಬಂಧದ ಮೇಲೆ ಬರೀ ಕಣ್ಣಾಡಿಸಿ ಸಹಿ ಹಾಕಿದೆ. ಹಣವು ಮರುಪಾವತಿಯ ರೂಪದಲ್ಲಿ ಬರುತ್ತದೆ ಎಂದು ಅನುಬಂಧದಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಅಂದರೆ ಮೊದಲು ನಾವು ಖರ್ಚು ಮಾಡಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು, ಅವರು ಅದನ್ನು ಪರಿಶೀಲಿಸಿದ ಮೇಲೆ ಹಣ ನಮ್ಮ ಕೈ ಸೇರಬೇಕು. ಅಷ್ಟರಲ್ಲಿ ನಾನು 11 ಜನರನ್ನು ಹೊಸದಾಗಿ ನೇಮಿಸಿಕೊಂಡಾಗಿತ್ತು. ಮೂರು ತಿಂಗಳ ಖರ್ಚು, ಅದರ ಮೇಲೆ ಪರಿಶೀಲನೆಗೆ ಹಿಡಿದ ಏಳು ವಾರ, ಇಷ್ಟು ಕಾಲದ ಸಂಬಳವನ್ನು ಎಲ್ಲಿಂದ ತರುವುದೆಂದು ಯೋಚಿಸಿಯೇ ಇರಲಿಲ್ಲ. ಅನುದಾನ ಬಂದದ್ದರಿಂದಲೇ ಸಂಸ್ಥೆ ಮುಳುಗುವ ಸ್ಥಿತಿಗೆ ಬಂದಿತ್ತು. ಕೊನೆಗೆ ಮಂಡಳಿಯ ಸದಸ್ಯರೊಬ್ಬರು ಕೈಗಡ ಕೊಟ್ಟು ಪಾರು ಮಾಡಿದರು. ನಗದಿನ ಹರಿವನ್ನು ತಿಂಗಳವಾರು ಮುಂದಾಗಿ ಅಂದಾಜು ಮಾಡುವ ಒಂದು ಪುಟದ ಕೋಷ್ಟಕವನ್ನು ಬರೆಯಲು ಬಂದಿದ್ದರೆ ಆ ಅಪಾಯ ಸಹಿ ಹಾಕುವ ಮೊದಲೇ ಕಣ್ಣಿಗೆ ಬೀಳುತ್ತಿತ್ತು. ನನ್ನ ಎರಡು ವರ್ಷದ ಓದಿನಲ್ಲಿ ಅಂಥ ಕೋಷ್ಟಕವನ್ನು ಒಮ್ಮೆಯೂ ಕಂಡಿರಲಿಲ್ಲ. ಅದನ್ನು ಆ ಪದವಿಯ ತಪ್ಪೆನ್ನಲಾರೆ; ಬೇರೊಂದು ಕೆಲಸಕ್ಕಾಗಿ ರೂಪಿಸಿದ ಪದವಿ ಅದು.

ಮುಖ್ಯಸ್ಥರ ಕುರ್ಚಿಯಲ್ಲಿ ಕೂತವರಿಂದ ಏನು ಅಪೇಕ್ಷಿಸಲಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಲಾಭರಹಿತ ಸಂಸ್ಥೆಯಲ್ಲಿ ವರ್ಷದ ಕೊನೆಗೆ ಹಣ ಮಿಗಬಾರದೆಂದೇನಿಲ್ಲ. ಮಿಕ್ಕದ್ದನ್ನು ಯಾರೂ ಹಂಚಿಕೊಳ್ಳುವಂತಿಲ್ಲ ಎಂಬುದಷ್ಟೇ ನಿಯಮ. ಕಾನೂನು ಮತ್ತು ಅರ್ಥಶಾಸ್ತ್ರದ ವಿದ್ವಾಂಸ ಹೆನ್ರಿ ಹ್ಯಾನ್ಸ್‌ಮನ್ 1980ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ನಿರ್ಬಂಧವನ್ನೇ ಇಂಥ ಸಂಸ್ಥೆಗಳ ಮೂಲ ಲಕ್ಷಣವೆಂದು ಗುರುತಿಸಿದರು. ಹಣ ಕೊಡುವವರು ಒಬ್ಬರು, ಸೇವೆ ಪಡೆಯುವವರು ಇನ್ನೊಬ್ಬರು. ಕೊಟ್ಟ ಹಣ ಸರಿಯಾಗಿ ತಲುಪಿತೇ ಎಂದು ಕೊಟ್ಟವರು ಕಣ್ಣಾರೆ ನೋಡಲಾಗದ ಕಡೆ, ನಡುವಿನವರು ಅದನ್ನು ಜೇಬಿಗಿಳಿಸಲಾರರು ಎಂಬ ಭರವಸೆ ಬೇಕು, ಆ ಭರವಸೆಯನ್ನು ಈ ನಿರ್ಬಂಧ ಒದಗಿಸುತ್ತದೆ ಎಂಬುದು ಅವರ ವಾದದ ತಿರುಳು. ಇದರ ಪರಿಣಾಮವನ್ನು ಮುಖ್ಯಸ್ಥರು ದಿನವೂ ಅನುಭವಿಸುತ್ತಾರೆ. ಸಂಸ್ಥೆಗೆ ಮಾಲೀಕರಿಲ್ಲ, ಸಂಬಳವಿಲ್ಲದೆ ಕೂರುವ ಮಂಡಳಿ ಇದೆ. ಗ್ರಾಹಕರು ತೆರುವ ಬೆಲೆಯಿಲ್ಲ, ಷರತ್ತುಗಳ ಸಮೇತ ಬರುವ ದೇಣಿಗೆ ಇದೆ. ಈ ವರ್ಷ ಕೆಲಸ ಚೆನ್ನಾಗಿ ಆಯಿತೇ ಎಂದು ಒಂದೇ ಅಂಕಿಯಲ್ಲಿ ಹೇಳುವ ದಾರಿಯೂ ಇಲ್ಲ.

ಷರತ್ತಿನ ಹಣ ಎಂಬುದು ಎಷ್ಟು ತೊಡಕಿನದು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಮುಖ್ಯಸ್ಥರ ಆಯ್ಕೆ ಸಮಿತಿಗಳಲ್ಲಿ ಕೂತಾಗ ನಾನು ಅಭ್ಯರ್ಥಿಗಳ ಮುಂದೆ ಒಂದು ಪುಟದ ಲೆಕ್ಕಪತ್ರ ಇಟ್ಟು, ಹೊಸ ಅನುದಾನ ಒಂದೂ ಬರದಿದ್ದರೆ ಈ ಸಂಸ್ಥೆ ಎಷ್ಟು ತಿಂಗಳು ನಡೆದೀತು ಎಂದು ಕೇಳುತ್ತೇನೆ. ಬ್ಯಾಂಕಿನಲ್ಲಿರುವ ಹಣ 100 ಎಂದಿಟ್ಟುಕೊಳ್ಳಿ, ತಿಂಗಳ ಖರ್ಚು 10. ಹೆಚ್ಚಿನವರು ಭಾಗಿಸಿ ಹತ್ತು ತಿಂಗಳು ಎನ್ನುತ್ತಾರೆ. ಆದರೆ ಅದೇ ಪುಟದ ಕೆಳಗೆ, ಆ 100ರಲ್ಲಿ 82 ನಿರ್ದಿಷ್ಟ ಯೋಜನೆಗಳಿಗೆಂದೇ ಮುಡಿಪಾದ ಹಣ ಎಂದು ಬರೆದಿರುತ್ತದೆ. ಕಚೇರಿಯ ಬಾಡಿಗೆ, ಲೆಕ್ಕಿಗರ ಸಂಬಳ, ಆಡಿಟ್ ಶುಲ್ಕ, ಮುಖ್ಯಸ್ಥರ ಸಂಬಳ ಮುಂತಾದ, ಯಾವ ಯೋಜನೆಯ ತಲೆಗೂ ಕಟ್ಟಲಾಗದ ಖರ್ಚು ತಿಂಗಳಿಗೆ 4. ಅದಕ್ಕೆ ಬಳಸಬಹುದಾದ ಮುಕ್ತ ಹಣ 18 ಮಾತ್ರ. ಅಂದರೆ ನಾಲ್ಕೂವರೆ ತಿಂಗಳು ಕಳೆದ ಮೇಲೆ, ಬ್ಯಾಂಕಿನಲ್ಲಿ ಯೋಜನೆಗಳ ಹಣ ಇನ್ನೂ ಉಳಿದಿರುವಾಗಲೇ, ಬಾಡಿಗೆ ಕಟ್ಟಲು ಹಣವಿರುವುದಿಲ್ಲ. ಈ ಲೆಕ್ಕಕ್ಕೆ ಬೇಕಾದ ಗಣಿತ ಶಾಲೆಯಲ್ಲಿ ಕಲಿತಷ್ಟೇ. ಯಾವ ಸಾಲನ್ನು ಓದಬೇಕೆಂಬ ತಿಳಿವಳಿಕೆ ಮಾತ್ರ ಯಾರಾದರೂ ಕಲಿಸಬೇಕಾದದ್ದು. ಕ್ಷೇತ್ರದಲ್ಲಿ ಅದ್ಭುತವಾಗಿ ಕೆಲಸ ಮಾಡಿ ಬಂದವರು ಈ ಪುಟದ ಮುಂದೆ ತಡವರಿಸುವುದನ್ನು ನೋಡಿದಾಗಲೆಲ್ಲ ನನಗೆ ನನ್ನ ಮೊದಲ ವರ್ಷ ನೆನಪಾಗುತ್ತದೆ.

ಅದೇ ಸಮಿತಿಗಳಲ್ಲಿ ನಾನು ಗಮನಿಸಿದ ಇನ್ನೊಂದು ಸಂಗತಿ ನಿಮಗೆ ನೇರವಾಗಿ ಸಂಬಂಧಿಸಿದ್ದು. ಬಹಳಷ್ಟು ಮಂದಿ ತಮಗೆ ಈಗಾಗಲೇ ಚೆನ್ನಾಗಿ ಬರುವ ವಿಷಯದಲ್ಲೇ ಪದವಿ ಪಡೆದಿರುತ್ತಾರೆ. ಕಾರ್ಯಕ್ರಮ ನಡೆಸಿ ಪಳಗಿದವರು ಅಭಿವೃದ್ಧಿ ಅಧ್ಯಯನ ಓದುತ್ತಾರೆ, ಕಂಪನಿಯಿಂದ ಬಂದವರು ಮತ್ತೆ ಎಂಬಿಎ ಮಾಡುತ್ತಾರೆ. ಇದು ಸಹಜ, ತರಗತಿಯಲ್ಲಿ ಮೊದಲ ದಿನದಿಂದಲೇ ಮಾತಾಡಬಲ್ಲೆವು ಎಂಬ ನೆಮ್ಮದಿ ಅಲ್ಲಿರುತ್ತದೆ. ಆದರೆ ಎರಡು ವರ್ಷದ ಸಮಯ, ಶುಲ್ಕ, ನಿದ್ದೆಗೆಟ್ಟ ರಾತ್ರಿಗಳನ್ನೆಲ್ಲ ತೆತ್ತು ಕೊನೆಗೆ ಕೈಗೆ ಬರುವುದು, ಏಳು ವರ್ಷದ ಅನುಭವ ಆಗಲೇ ಹೇಳುತ್ತಿದ್ದುದಕ್ಕೆ ಒಂದು ಮೊಹರು. ನಿಮ್ಮ ಮನಸ್ಸು ಎಂಎಸ್‌ಡಬ್ಲ್ಯು ಕಡೆಗೆ ಎಳೆಯುತ್ತಿರುವುದರಲ್ಲಿ ಈ ನೆಮ್ಮದಿಯ ಪಾಲೆಷ್ಟು ಎಂದು ನೀವೇ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಹಾಗೆಂದು ಎಂಎಸ್‌ಡಬ್ಲ್ಯುವನ್ನು ಕಡೆಗಣಿಸುವವನು ನಾನಲ್ಲ. ನಿಮ್ಮ ಪಟ್ಟಿಯ ಐದರಲ್ಲಿ ಈ ಕ್ಷೇತ್ರದೊಳಗಿಂದಲೇ ಹುಟ್ಟಿದ, ಎಲ್ಲಕ್ಕಿಂತ ಹಳೆಯ ತರಬೇತಿ ಅದೇ. ಬಡವರಿಗೆ ನೆರವು ನೀಡುತ್ತಿದ್ದ ಸಂಸ್ಥೆಯೊಂದು 1898ರಲ್ಲಿ ನ್ಯೂಯಾರ್ಕ್‌ನಲ್ಲಿ ತನ್ನ ಕಾರ್ಯಕರ್ತರಿಗಾಗಿ ನಡೆಸಿದ ಬೇಸಿಗೆ ತರಗತಿಯೇ ಬೆಳೆದು ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯಾಯಿತು. ಮುಂಬೈಯಲ್ಲಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆಯಾಗಿ ಶುರುವಾದದ್ದೇ ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಕ್ಷೇತ್ರಕಾರ್ಯಕ್ಕೆ ಈ ಪದವಿ ಕೊಡುವಷ್ಟು ಜಾಗವನ್ನು ಪಟ್ಟಿಯ ಉಳಿದ ನಾಲ್ಕು ಕೊಡುವುದಿಲ್ಲ. ಅಮೆರಿಕದಲ್ಲಿ ಮಾನ್ಯತೆ ಪಡೆದ ಎಂಎಸ್‌ಡಬ್ಲ್ಯುಗೆ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಕಡ್ಡಾಯ. ನೊಂದವರ ಮಾತನ್ನು ತಾಳ್ಮೆಯಿಂದ ಕೇಳುವುದು, ಕುಟುಂಬದೊಳಗಿನ ಬಿಕ್ಕಟ್ಟನ್ನು ಅರಿಯುವುದು, ತನ್ನ ಪೂರ್ವಗ್ರಹವನ್ನು ತಾನೇ ಹಿಡಿಯುವುದು ಇವೆಲ್ಲ ಅಲ್ಲಿ ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಅಭ್ಯಾಸವಾಗುತ್ತವೆ. ಆಪ್ತಸಲಹೆ, ಮಾನಸಿಕ ಆರೋಗ್ಯ, ಮಕ್ಕಳ ರಕ್ಷಣೆಯಂಥ ಸೇವೆಗಳನ್ನು ನೀಡುವ ಸಂಸ್ಥೆಯನ್ನು ನಡೆಸುವುದಾದರೆ, ಆ ಸೇವೆಯ ಗುಣಮಟ್ಟಕ್ಕೆ ನೀವೇ ಜವಾಬ್ದಾರರಾಗುವುದಾದರೆ, ಅದನ್ನು ಬಿಟ್ಟು ಬೇರೇನನ್ನೂ ಓದಬೇಡಿ ಎಂದೇ ಹೇಳುತ್ತೇನೆ. ಅಮೆರಿಕ, ಬ್ರಿಟನ್‌ಗಳಂಥ ದೇಶಗಳಲ್ಲಿ ಪರವಾನಗಿ ಅಥವಾ ನೋಂದಣಿಯಿಲ್ಲದೆ ಸಮಾಜಕಾರ್ಯಕರ್ತರೆಂದು ವೃತ್ತಿ ನಡೆಸುವಂತಿಲ್ಲವಾದ್ದರಿಂದ ಅಲ್ಲಿ ಆ ವೃತ್ತಿಗೆ ಸಾಮಾನ್ಯವಾಗಿ ಸಮಾಜಕಾರ್ಯದ ಮಾನ್ಯ ಪದವಿಯೊಂದು ಇರಲೇಬೇಕು. ನಿಮ್ಮದು ಅಂಥ ಸಂದರ್ಭವಲ್ಲ. ಒಂದು ವೇಳೆ ಎಂಎಸ್‌ಡಬ್ಲ್ಯು ಮಾಡಿಯೇ ತೀರುವುದಾದರೆ, ಸಂಸ್ಥಾ ಆಡಳಿತವನ್ನು ವಿಶೇಷ ವಿಷಯವಾಗಿ ನೀಡುವ ಕಡೆ ಮಾತ್ರ ಸೇರಿ.

ಅಭಿವೃದ್ಧಿ ಅಧ್ಯಯನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಡತನ ಏಕಿದೆ, ನೀತಿಗಳು ಯಾರ ಪರವಾಗಿ ಕೆಲಸ ಮಾಡುತ್ತವೆ, ನೆರವಿನ ಹೆಸರಿನಲ್ಲಿ ಏನೆಲ್ಲ ನಡೆದುಹೋಗಿದೆ ಎಂಬುದನ್ನು ಅದು ಚೆನ್ನಾಗಿ ಕಲಿಸುತ್ತದೆ. ಸಂಶೋಧನೆಗೆ, ನೀತಿ ಪ್ರತಿಪಾದನೆಗೆ, ಅಂತರರಾಷ್ಟ್ರೀಯ ಸಂಸ್ಥೆಗಳ ಕೆಲಸಕ್ಕೆ ಅದು ಒಳ್ಳೆಯ ದಾರಿ. ಮಂಡಳಿಯ ಅಧ್ಯಕ್ಷರು ಮುನಿಸಿಕೊಂಡಾಗ ಏನು ಮಾಡಬೇಕೆಂದು ಮಾತ್ರ ಅದು ಹೇಳಿಕೊಡುವುದಿಲ್ಲ.

ಸಾರ್ವಜನಿಕ ಆಡಳಿತದ ಪದವಿಯನ್ನು ಜನ ಸರ್ಕಾರಿ ನೌಕರಿಯ ದಾರಿ ಎಂದೇ ಭಾವಿಸುತ್ತಾರೆ. ಸಿರಕ್ಯೂಸ್ ವಿಶ್ವವಿದ್ಯಾಲಯದ ಮ್ಯಾಕ್ಸ್‌ವೆಲ್ ಶಾಲೆಯಲ್ಲಿ 1924ರಲ್ಲಿ ಅದು ಆರಂಭವಾದದ್ದು ಆಡಳಿತಗಾರರನ್ನು ತಯಾರಿಸಲೆಂದೇ. ಆದರೆ ಈಗ ಅನೇಕ ವಿಶ್ವವಿದ್ಯಾಲಯಗಳು ಅದರೊಳಗೆ ಲಾಭರಹಿತ ಸಂಸ್ಥೆಗಳ ವಿಭಾಗವೊಂದನ್ನು ಇಟ್ಟಿವೆ. ಲಾಭ ಎಂಬ ಅಳತೆಗೋಲಿಲ್ಲದೆ ಹಣಕ್ಕೆ ಲೆಕ್ಕ ಕೊಡುವುದು ಸರ್ಕಾರಕ್ಕೂ ಸ್ವಯಂಸೇವಾ ಸಂಸ್ಥೆಗೂ ಸಮಾನವಾದ ಸಮಸ್ಯೆ. ಆದ್ದರಿಂದ ಬಜೆಟ್, ಸಿಬ್ಬಂದಿ ನಿಯಮ, ಮೌಲ್ಯಮಾಪನದ ಪಾಠಗಳು ಹೆಚ್ಚಿನ ತಿದ್ದುಪಡಿಯಿಲ್ಲದೆ ನಮಗೆ ಒದಗುತ್ತವೆ. ಸರ್ಕಾರದ ಗುತ್ತಿಗೆ ಮತ್ತು ಅನುದಾನದ ಮೇಲೆಯೇ ನಿಂತ ಸಂಸ್ಥೆಗಳಿಗೆ ಹೋಗುವವರಿಗೆ ಇದಕ್ಕಿಂತ ಉಪಯುಕ್ತವಾದ ಪದವಿ ಕಡಿಮೆ. ಇದನ್ನು ಸಾರ್ವಜನಿಕ ನೀತಿಯ ಪದವಿಯೊಂದಿಗೆ ಬೆರೆಸಿಕೊಳ್ಳಬೇಡಿ. ಎರಡನೆಯದರಲ್ಲಿ ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದ ಪಾಲು ದೊಡ್ಡದು. ಅದು ವಿಶ್ಲೇಷಕರನ್ನು ತಯಾರಿಸುತ್ತದೆ.

ಎಂಬಿಎ ಎಂದರೆ ನಮ್ಮ ವಲಯದಲ್ಲಿ ಇಂದಿಗೂ ಮುಖ ಸಿಂಡರಿಸುವವರಿದ್ದಾರೆ. ಆ ಅಸಹನೆಯಲ್ಲಿ ಅರ್ಧ ಮಾತ್ರ ನ್ಯಾಯವಿದೆ. 1908ರಲ್ಲಿ ಹಾರ್ವರ್ಡ್‌ನಲ್ಲಿ ಹುಟ್ಟಿದ ಆ ಪದವಿಯ ಸಾಮಾನ್ಯ ಪಠ್ಯಕ್ರಮದಲ್ಲಿ ಷೇರು ಮೌಲ್ಯ ನಿರ್ಧಾರ, ಕಂಪನಿಗಳ ವಿಲೀನ, ಬ್ರಾಂಡ್ ಪೈಪೋಟಿ ಮೊದಲಾದ, ನಿಮಗೆ ಎಂದೂ ಬೇಕಾಗದ ವಿಷಯಗಳು ಸಾಕಷ್ಟಿರುತ್ತವೆ. ಶುಲ್ಕವೂ ಐದರಲ್ಲಿ ಸಾಮಾನ್ಯವಾಗಿ ಇದರದ್ದೇ ಹೆಚ್ಚು. ಆದರೆ ಲೆಕ್ಕಶಾಸ್ತ್ರ, ಕಾರ್ಯಾಚರಣೆ, ಚೌಕಾಸಿ, ಅಪೂರ್ಣ ಮಾಹಿತಿಯ ಮೇಲೆ ನಿರ್ಧಾರ ಕೈಗೊಳ್ಳುವ ಅಭ್ಯಾಸ ಇವನ್ನು ಒಳ್ಳೆಯ ಎಂಬಿಎಯಷ್ಟು ಬಿಗಿಯಾಗಿ ಕಲಿಸುವ ಕಡೆ ಕಡಿಮೆ. ನಿರ್ವಹಣೆಯ ಶಿಸ್ತನ್ನು ಸಮಾಜಮುಖಿ ಸಂಸ್ಥೆಗಳಿಗೆ ಒಗ್ಗಿಸುವ ಪ್ರಯತ್ನ ಹೊಸದೂ ಅಲ್ಲ. ಯೇಲ್ ವಿಶ್ವವಿದ್ಯಾಲಯ 1976ರಲ್ಲಿ ತನ್ನ ನಿರ್ವಹಣಾ ಶಾಲೆಗೆ ಮೊದಲ ತಂಡವನ್ನು ಸೇರಿಸಿಕೊಂಡಾಗ ಕೊಡಲು ಹೊರಟದ್ದು ಎಂಬಿಎ ಅಲ್ಲ, ಸಾರ್ವಜನಿಕ ಮತ್ತು ಖಾಸಗಿ ನಿರ್ವಹಣೆ ಎಂಬ ಜೋಡಿ ಹೆಸರಿನ ಪದವಿ. 1990ರ ದಶಕದ ಕೊನೆಯಲ್ಲಿ ಅದನ್ನು ಕೈಬಿಟ್ಟು ಅದೂ ಎಂಬಿಎಗೆ ಬಂತು. ಪದವಿಯ ಹೆಸರನ್ನು ಎಷ್ಟು ನಂಬಬೇಕು ಎಂಬುದಕ್ಕೆ ನಾನು ಸದಾ ಕೊಡುವ ಉದಾಹರಣೆ ಇದು. ವರ್ಗೀಸ್ ಕುರಿಯನ್ 1979ರಲ್ಲಿ ಆಣಂದ್‌ನಲ್ಲಿ ಸ್ಥಾಪಿಸಿದ ಗ್ರಾಮೀಣ ನಿರ್ವಹಣಾ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು: ಸಹಕಾರಿ ಮತ್ತು ಸ್ವಯಂಸೇವಾ ಸಂಸ್ಥೆಗಳಿಗೆಂದೇ ನಿರ್ವಾಹಕರನ್ನು ತಯಾರು ಮಾಡುವ, ವಿದ್ಯಾರ್ಥಿಗಳನ್ನು ಹಳ್ಳಿಗಳಲ್ಲಿ ಇರಿಸಿ ಕಲಿಸುವ ನಿರ್ವಹಣಾ ಶಿಕ್ಷಣ ಅದು.

ಇನ್ನು ಲಾಭರಹಿತ ಸಂಸ್ಥೆಗಳ ನಿರ್ವಹಣೆ ಎಂಬ ನೇರ ಹೆಸರಿನ ಪದವಿ. ಐದರಲ್ಲಿ ಇದೇ ಕಿರಿಯದು. 1980ರ ದಶಕದಿಂದ ಈಚೆಗೆ ಬೆಳೆದದ್ದು. ಇಂಡಿಯಾನಾ ವಿಶ್ವವಿದ್ಯಾಲಯವು 2012ರಲ್ಲಿ ದಾನಶೀಲತೆಯ ಅಧ್ಯಯನಕ್ಕೆಂದೇ ಪ್ರತ್ಯೇಕ ಶಾಲೆಯನ್ನು ತೆರೆಯಿತು. ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಈ ಪದವಿಯ ಬಲ ಇರುವುದು ಬೇರೆಲ್ಲೂ ಇಡಿಯಾಗಿ ಸಿಗದ ವಿಷಯಗಳಲ್ಲಿ: ದೇಣಿಗೆ ಕೇಳುವ ಕಲೆ ಮತ್ತು ಅದರ ನೀತಿ, ಮಂಡಳಿಯನ್ನು ಕಟ್ಟಿ ಬೆಳೆಸುವುದು, ಸಂಬಳವಿಲ್ಲದ ಸ್ವಯಂಸೇವಕರನ್ನು ನಿಭಾಯಿಸುವುದು, ತೆರಿಗೆ ವಿನಾಯಿತಿಯ ಕಾನೂನು, ಮುಡಿಪು ನಿಧಿಯ ಲೆಕ್ಕ. ಹೆಸರು ಕೇಳಿದರೆ ನಿಮಗೆಂದೇ ಮಾಡಿಸಿದಂತಿದೆ. ಆದರೆ ಎಚ್ಚರದಿಂದ ನೋಡಬೇಕಾದದ್ದೂ ಇದನ್ನೇ. ಕೆಲವು ಕಡೆ ಎಲ್ಲ ವಿಷಯಗಳ ತುಣುಕನ್ನೂ ಬಡಿಸಿ, ಹಣಕಾಸಿನ ಪಾಠವನ್ನು ಒಂದೇ ಒಂದು ತೆಳುವಾದ ಪತ್ರಿಕೆಗೆ ಮುಗಿಸಿಬಿಡುತ್ತಾರೆ. ದಾನಶೀಲತೆಯ ಅಧ್ಯಯನ ಎಂಬ ಹೆಸರಿನ ಪದವಿಗಳಲ್ಲಿ ಕೆಲವು ಮೂಲತಃ ಮಾನವಿಕ ಶಾಸ್ತ್ರದವು; ಮನುಷ್ಯ ಏಕೆ ಕೊಡುತ್ತಾನೆ ಎಂಬ ಚರಿತ್ರೆ ಮತ್ತು ತತ್ವ ಅಲ್ಲಿ ಮುಖ್ಯ. ಓದಲು ಸೊಗಸಾಗಿಯೇ ಇರುತ್ತದೆ, ಆದರೆ ನಿಮ್ಮ ಬಜೆಟ್ ಸಭೆಗೆ ಒದಗುವುದಿಲ್ಲ. ಇನ್ನೊಂದು ಮಾತು: ಮುಂದೆ ಎಂದಾದರೂ ಈ ಕ್ಷೇತ್ರದಿಂದ ಹೊರಗೆ ಹೋಗಬೇಕಾದರೆ ಎಂಬಿಎಗೆ ಇರುವಷ್ಟು ಚಲಾವಣೆ ಇದಕ್ಕಿಲ್ಲ.

ಪದವಿಗಳನ್ನು ಇಷ್ಟು ತೂಗಿ ನೋಡಿದ ಮೇಲೆ, ದೊಡ್ಡ ಸಂಸ್ಥೆಗಳನ್ನು ಕಟ್ಟಿದವರು ಏನು ಓದಿದ್ದರೆಂದು ನೋಡಿದರೆ ಯಾವ ಸೂತ್ರವೂ ಸಿಗುವುದಿಲ್ಲ. 1972ರಲ್ಲಿ ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯನ್ನು ಆರಂಭಿಸಿದ ಫಜ್ಲೆ ಹಸನ್ ಅಬೆದ್ ಅವರು ಗ್ಲಾಸ್ಗೋದಲ್ಲಿ ಹಡಗು ವಿನ್ಯಾಸ ಓದಲು ಹೋಗಿ, ಅದನ್ನು ಬಿಟ್ಟು ಲಂಡನ್‌ನಲ್ಲಿ ಲೆಕ್ಕಶಾಸ್ತ್ರ ಕಲಿತವರು. ಶೆಲ್ ಕಂಪನಿಯಲ್ಲಿ ಹಣಕಾಸು ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು. ಅದೇ ವರ್ಷ ಅಹಮದಾಬಾದಿನಲ್ಲಿ ದುಡಿಯುವ ಬಡ ಮಹಿಳೆಯರ ‘ಸೇವಾ’ ಎಂಬ ಸಂಘಟನೆಯನ್ನು ಕಟ್ಟಿದ ಇಳಾ ಭಟ್ ಅವರದು ಕಾನೂನು ಪದವಿ. ಕಾರ್ಮಿಕ ಸಂಘದ ಕಾನೂನು ವಿಭಾಗದಲ್ಲಿ ಪಳಗಿದವರು ಅವರು. ಟೀಚ್ ಫಾರ್ ಅಮೆರಿಕ ಸಂಸ್ಥೆಯ ಯೋಚನೆಯನ್ನು ವೆಂಡಿ ಕಾಪ್ 1989ರಲ್ಲಿ ತಮ್ಮ ಮೊದಲ ಪದವಿಯ ಪ್ರಬಂಧದಲ್ಲಿ ಬರೆದರು. ಸ್ನಾತಕೋತ್ತರ ಪದವಿಗೆ ಕಾಯಲಿಲ್ಲ. ನನಗೆ ಹೆಚ್ಚು ಪಾಠ ಕಾಣುವುದು ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆಯಲ್ಲಿ: 1990ರ ದಶಕದಲ್ಲಿ ಅದನ್ನು ಹುಟ್ಟುಹಾಕಿದವರಲ್ಲಿ ಮಾಧವ್ ಚವಾಣ್ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದವರು, ಫರೀದಾ ಲಾಂಬೆ ಸಮಾಜಕಾರ್ಯದ ಅಧ್ಯಾಪಕಿ. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿತ್ತು. ಆದರೆ ಇವರೆಲ್ಲ ಸ್ಥಾಪಕರು ಎಂಬುದನ್ನು ಮರೆಯಬಾರದು. ಸ್ಥಾಪಕರ ಅರ್ಹತಾಪತ್ರವನ್ನು ಯಾರೂ ಕೇಳುವುದಿಲ್ಲ. ಯಾರೋ ಕಟ್ಟಿದ ಸಂಸ್ಥೆಗೆ ಮುಖ್ಯಸ್ಥರಾಗಿ ಹೋಗುವವರು ಆಯ್ಕೆ ಸಮಿತಿಯ ಮುಂದೆ ಕೂರಲೇಬೇಕು. ಅಲ್ಲಿ ಅರ್ಜಿಗಳ ರಾಶಿಯನ್ನು ಮೊದಲ ಸುತ್ತಿನಲ್ಲಿ ಸೋಸುವಾಗ ಸ್ನಾತಕೋತ್ತರ ಪದವಿ ಇದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾವ ವಿಷಯದಲ್ಲಿ ಎಂಬುದನ್ನು ಆ ಸುತ್ತಿನಲ್ಲಿ ಅಷ್ಟಾಗಿ ಕೆದಕುವುದಿಲ್ಲ. ಪದವಿಯಿಲ್ಲದೆ ಸಾಧ್ಯವೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ನಿಮ್ಮದೇ ಸಂಸ್ಥೆಯೊಳಗೆ ಮೇಲೇರುವುದಾದರೆ ಸಾಧ್ಯ, ಹೊರಗೆ ಅರ್ಜಿ ಹಾಕುವುದಾದರೆ ಕಷ್ಟ.

ಹಾಗಾದರೆ ಹೆಸರನ್ನು ಬದಿಗಿಟ್ಟು ಏನನ್ನು ನೋಡಬೇಕು? ಪಠ್ಯಕ್ರಮದ ಪುಟವನ್ನು ತೆರೆದು ಹಣಕಾಸಿನ ಪತ್ರಿಕೆಯನ್ನು ಹುಡುಕಿ. ಅದು ಕಡ್ಡಾಯವೋ ಐಚ್ಛಿಕವೋ ನೋಡಿ. ನಂತರ ವಿಭಾಗಕ್ಕೆ ಪತ್ರ ಬರೆದು, ಕಳೆದ ವರ್ಷ ಆ ಪತ್ರಿಕೆಗೆ ಕೊಟ್ಟ ಒಂದು ಅಸೈನ್‌ಮೆಂಟನ್ನು ಕಳಿಸಿಕೊಡುವಿರಾ ಎಂದು ಕೇಳಿ. ಅದರಲ್ಲಿ ವಿದ್ಯಾರ್ಥಿಯ ಕೈಗೆ ನಿಜವಾದ ಸಂಸ್ಥೆಯೊಂದರ ಆಡಿಟ್ ವರದಿ ಕೊಟ್ಟು ಏನಾದರೂ ಮಾಡಿಸಿದ್ದಾರೆಯೇ, ಅಥವಾ ಹಣಕಾಸು ನಿರ್ವಹಣೆಯ ಮಹತ್ವವನ್ನು ವಿವರಿಸಿ ಎಂಬಂಥ ಪ್ರಶ್ನೆ ಇದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಂಥ ಪತ್ರಕ್ಕೆ ಉತ್ತರವೇ ಬರದಿದ್ದರೆ ಅದೂ ಒಂದು ಮಾಹಿತಿ. ಪಾಠ ಮಾಡುವವರಲ್ಲಿ ಎಷ್ಟು ಮಂದಿ ಸಂಸ್ಥೆ ನಡೆಸಿದವರು, ಎಷ್ಟು ಮಂದಿ ಸಂಶೋಧಕರು ಎಂದೂ ನೋಡಿ. ಎರಡೂ ಬಗೆಯವರು ಬೇಕು. ಸಂಶೋಧಕರೇ ತುಂಬಿರುವ ಕಡೆ ನಿಮ್ಮ ಅನುಭವಕ್ಕೆ ಜಾಗವಿರುವುದಿಲ್ಲ. ಬರೀ ಅನುಭವಿಗಳೇ ಇರುವ ಕಡೆ ತರಗತಿಗಳು ನೆನಪಿನ ಕಥೆಗಳಲ್ಲಿ ಮುಗಿದುಹೋಗುತ್ತವೆ. ಈ ಎರಡನೆಯ ತಪ್ಪನ್ನು ನಾನೂ ಪಾಠ ಮಾಡುವಾಗ ಮಾಡಿದ್ದೇನೆ.

ಹಳೆಯ ವಿದ್ಯಾರ್ಥಿಗಳ ಜತೆ ಮಾತಾಡಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಅದಕ್ಕೆ ನನ್ನದೊಂದು ತಿದ್ದುಪಡಿ ಇದೆ. ಕಳೆದ ವರ್ಷ ಹೊರಬಂದವರನ್ನು ಕೇಳಬೇಡಿ. ಅವರಿಗೆ ಪದವಿಯ ಬಗ್ಗೆ ಇನ್ನೂ ಪ್ರೀತಿ ಇರುತ್ತದೆ, ಇಲ್ಲವೇ ಸಾಲದ ಕೋಪ ಇರುತ್ತದೆ. ಆರೇಳು ವರ್ಷದ ಹಿಂದೆ ಮುಗಿಸಿ ಈಗ ಯಾವುದಾದರೂ ಸಂಸ್ಥೆಯ ಮುಖ್ಯಸ್ಥರೋ ಎರಡನೆಯ ಸ್ಥಾನದವರೋ ಆಗಿರುವ ಇಬ್ಬರನ್ನು ಹುಡುಕಿ, ಪದವಿ ಹೇಗಿತ್ತು ಎಂದು ಕೇಳದೆ, ಕಳೆದ ತಿಂಗಳು ಆ ಓದಿನ ಯಾವ ಭಾಗವನ್ನು ಬಳಸಿದಿರಿ ಎಂದು ಕೇಳಿ. ಅವರು ಹಳೆಯ ಸಹಪಾಠಿಯೊಬ್ಬರಿಗೆ ಫೋನ್ ಮಾಡಿ ಸಲಹೆ ಪಡೆದೆ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮುಖ್ಯಸ್ಥರ ಕೆಲಸ ಒಂಟಿ ಕೆಲಸ. ಕೆಳಗಿನವರಿಗೆ ಹೇಳಲಾಗದ, ಮಂಡಳಿಗೂ ಹೇಳಲಾಗದ ಎಷ್ಟೋ ವಿಷಯಗಳಿರುತ್ತವೆ; ಹತ್ತು ವರ್ಷದ ಮೇಲೂ ಕರೆ ಎತ್ತಿಕೊಳ್ಳುವ ನಾಲ್ಕು ಸಹಪಾಠಿಗಳು ಶುಲ್ಕದ ಅರ್ಧವನ್ನು ತೀರಿಸಿದಂತೆ. ಪೂರ್ತಿ ಆನ್‌ಲೈನ್ ಆದ, ಸಹಪಾಠಿಗಳ ಮುಖವನ್ನೇ ಕಾಣದ ಪದವಿಗಳ ಬಗ್ಗೆ ನನಗಿರುವ ಅಳುಕು ಇದೊಂದೇ. ವಾರಾಂತ್ಯದ ತರಗತಿ ಅಥವಾ ವರ್ಷಕ್ಕೆ ಎರಡು ಬಾರಿಯಾದರೂ ಒಟ್ಟಿಗೆ ಸೇರಿಸುವ ವ್ಯವಸ್ಥೆಯಿದ್ದರೆ ಸಾಕು.

ಹಣದ ವಿಷಯಕ್ಕೆ ಬರೋಣ. ಈ ಕ್ಷೇತ್ರದ ಸಂಬಳ ಸಾಮಾನ್ಯವಾಗಿ ಕಂಪನಿಗಳಿಗಿಂತ ಕಡಿಮೆ ಎಂದು ನಿಮಗೆ ಹೇಳಬೇಕಾಗಿಲ್ಲ. ಸಾಲ ಮಾಡಿ ಓದುವುದಾದರೆ, ಮಾಸಿಕ ಕಂತನ್ನು ನಿಮ್ಮ ಇಂದಿನ ಸಂಬಳದಲ್ಲಿ ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕಿ. ಮುಂದೊಂದು ದಿನ ಬರಲಿರುವ ಮುಖ್ಯಸ್ಥರ ಸಂಬಳವನ್ನು ಕನ್ನಡಿಯೊಳಗಿನ ಗಂಟೆಂದೇ ತಿಳಿಯಿರಿ. ದೊಡ್ಡ ಸಾಲವಿರುವವರು ಸಣ್ಣ ಸಂಸ್ಥೆಯ ಕರೆ ಬಂದಾಗ ಹೋಗಲಾರದೆ, ಹೆಚ್ಚು ಸಂಬಳದ ಸಲಹಾ ಕಂಪನಿಗಳಿಗೆ ಸೇರಿ ಅಲ್ಲೇ ಉಳಿದದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ. ಅಮೆರಿಕದಲ್ಲಿ ಇದಕ್ಕೆಂದೇ 2007ರಲ್ಲಿ ಒಂದು ಕಾನೂನು ಬಂತು: ಸರ್ಕಾರದಲ್ಲೋ ಅರ್ಹ ಲಾಭರಹಿತ ಸಂಸ್ಥೆಯಲ್ಲೋ ಪೂರ್ಣಾವಧಿ ದುಡಿಯುತ್ತ 120 ಮಾಸಿಕ ಕಂತು ಕಟ್ಟಿದವರ ಒಕ್ಕೂಟ ಸರ್ಕಾರದ ಶಿಕ್ಷಣ ಸಾಲದಲ್ಲಿ ಉಳಿದ ಬಾಕಿ ಮನ್ನಾ ಆಗುತ್ತದೆ. ಅಂಥ ವ್ಯವಸ್ಥೆಯಿಲ್ಲದ ಕಡೆ ಆ ಹತ್ತು ವರ್ಷದ ಆಚೆಯ ಹೊರೆಯೂ ನಿಮ್ಮದೇ. ಶುಲ್ಕದ ಒಂದು ಪಾಲನ್ನು ನಿಮ್ಮ ಸಂಸ್ಥೆ ಭರಿಸುವುದೇ ಎಂದು ಸಂಕೋಚವಿಲ್ಲದೆ ಕೇಳಿ. ಹಣ ಕೊಡಲಾಗದಿದ್ದರೂ ವಾರಕ್ಕೆ ಅರ್ಧ ದಿನದ ಬಿಡುವನ್ನಾದರೂ ಕೊಟ್ಟಾರು.

ಕೆಲಸ ಬಿಡಬೇಡಿ ಎಂದದ್ದು ಹಣದ ಕಾರಣಕ್ಕೆ ಮಾತ್ರವಲ್ಲ. ನಿರ್ವಹಣೆಯ ಪಾಠಗಳು ಮರುದಿನವೇ ಬಳಸಲು ಸಿಕ್ಕರೆ ನೆಲೆಗೊಳ್ಳುತ್ತವೆ. ಪೂರ್ಣಾವಧಿಯಲ್ಲಿ ಓದುವುದಾದರೆ ಅದಕ್ಕೆ ಕಾರಣ ಕ್ಷೇತ್ರವನ್ನೇ ಬದಲಿಸುವ ಉದ್ದೇಶವಿರಬೇಕು, ಅಥವಾ ಅಪರೂಪದ ವಿದ್ಯಾರ್ಥಿವೇತನ ಸಿಕ್ಕಿರಬೇಕು. ನಿಮಗೆ ಎರಡೂ ಇಲ್ಲ.

ಅರ್ಜಿ ಹಾಕುವ ಮೊದಲು ಒಂದು ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷದ ಬಜೆಟ್ ತಯಾರಾಗುವಾಗ ನಿಮ್ಮ ಸಂಸ್ಥೆಯ ಲೆಕ್ಕಿಗರ ಪಕ್ಕದಲ್ಲಿ ಕೂತು, ನಿಮ್ಮ ಕಾರ್ಯಕ್ರಮದ ಬಜೆಟನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನೀವೇ ಬರೆಯಿರಿ. ಜತೆಗೆ ಲೆಕ್ಕಶಾಸ್ತ್ರದ ಪ್ರಾಥಮಿಕ ಆನ್‌ಲೈನ್ ಕೋರ್ಸ್ ಒಂದನ್ನು ಮುಗಿಸಿ. ಮೂರು ತಿಂಗಳಾದ ಮೇಲೆ ಆ ಅಂಕಿಗಳ ಬಗ್ಗೆ ಇನ್ನಷ್ಟು ತಿಳಿಯುವ ಹಸಿವು ಹುಟ್ಟಿದ್ದರೆ ಮುಂದುವರಿಯಿರಿ. ಹುಟ್ಟದೆ, ಅಷ್ಟೂ ಹೊತ್ತು ನಿಮ್ಮ ಮನಸ್ಸು ಮಕ್ಕಳ ಹತ್ತಿರವೇ ಇದ್ದರೆ, ಮುಖ್ಯಸ್ಥರ ಕುರ್ಚಿ ನಿಜಕ್ಕೂ ಬೇಕೇ ಎಂದು ಮರುಯೋಚಿಸಬೇಕಾಗುತ್ತದೆ. ಕಾರ್ಯಕ್ರಮಗಳ ನಿರ್ದೇಶಕಿ ಎಂಬ ಹುದ್ದೆ ಮುಖ್ಯಸ್ಥರ ಹುದ್ದೆಗೆ ಹೋಗುವ ಮೆಟ್ಟಿಲು ಮಾತ್ರವಲ್ಲ. ಅಲ್ಲೇ ಇಡೀ ವೃತ್ತಿಜೀವನವನ್ನು ತುಂಬು ತೃಪ್ತಿಯಿಂದ ಕಳೆದವರಿದ್ದಾರೆ, ಆಗ ಎಂಎಸ್‌ಡಬ್ಲ್ಯು ಕಡೆಗಿನ ನಿಮ್ಮ ಸೆಳೆತವೇ ಸರಿಯಾದ ಸೆಳೆತವಾಗಿರುತ್ತದೆ.

ಪರೀಕ್ಷೆ ಮಾಡಲು ವಿಶ್ವವಿದ್ಯಾಲಯಗಳೂ ಈಗ ದಾರಿ ಮಾಡಿಕೊಟ್ಟಿವೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಬಡತನ ನಿವಾರಣೆಯ ಬಗ್ಗೆ ಅಧ್ಯಯನ ಮಾಡುವ ಅಲ್ಲಿನ ಜೆ-ಪಾಲ್ ಸಂಶೋಧನಾ ಕೇಂದ್ರ ಸೇರಿ ನಡೆಸುವ ದತ್ತಾಂಶ, ಅರ್ಥಶಾಸ್ತ್ರ ಮತ್ತು ನೀತಿ ರೂಪಣೆಯ ಕೋರ್ಸುಗಳನ್ನು ಮೊದಲು ಆನ್‌ಲೈನಿನಲ್ಲಿ ಓದಿ ಪರೀಕ್ಷೆ ಪಾಸು ಮಾಡಿದವರು, ಅನಂತರ ಅದೇ ವಿಷಯದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಬಹುದು. ಅದು ಕಾರ್ಯಕ್ರಮಗಳ ಪರಿಣಾಮವನ್ನು ಅಳೆಯುವವರಿಗೆ ಹೇಳಿ ಮಾಡಿಸಿದ್ದು, ನಿಮ್ಮ ಅಗತ್ಯಕ್ಕೆ ಅಷ್ಟು ಹತ್ತಿರದ್ದಲ್ಲ; ಆದರೆ ಮೊದಲು ಕೋರ್ಸು, ಆಮೇಲೆ ಪದವಿ ಎಂಬ ಈ ಕ್ರಮವನ್ನು ಅನುಸರಿಸುವ ಸಂಸ್ಥೆಗಳನ್ನು ನಿಮ್ಮ ಪಟ್ಟಿಯಲ್ಲಿ ಮೇಲಕ್ಕೆ ಇಟ್ಟುಕೊಳ್ಳಿ. ಎರಡು ಕೋರ್ಸು ಮುಗಿಸಿ ಹೊಂದಲಿಲ್ಲವೆಂದು ಬಿಟ್ಟರೆ ಕಳೆದುಕೊಳ್ಳುವುದು ಕೆಲವು ತಿಂಗಳ ಸಂಜೆಗಳನ್ನು ಮಾತ್ರ.

ಮೊದಲ ಹೆಜ್ಜೆಯಾಗಿ, ನಿಮ್ಮ ಸಂಸ್ಥೆಯ ಕಳೆದ ಮೂರು ವರ್ಷದ ಆಡಿಟ್ ವರದಿಗಳನ್ನು ಕೇಳಿ ಪಡೆಯಿರಿ. ಅವುಗಳಲ್ಲಿ ಮುಡಿಪು ನಿಧಿ ಎಷ್ಟು, ಮುಕ್ತ ನಿಧಿ ಎಷ್ಟು ಎಂದು ಗುರುತು ಹಾಕಿ, ಮೇಲೆ ಹೇಳಿದ ತಿಂಗಳುಗಳ ಲೆಕ್ಕವನ್ನು ನೀವೇ ಮಾಡಿ, ಬಂದ ಉತ್ತರವನ್ನು ನಿಮ್ಮ ಲೆಕ್ಕಿಗರಿಗೆ ತೋರಿಸಿ. ಅವರು ಎಲ್ಲಿ ತಿದ್ದುತ್ತಾರೋ ಅದನ್ನು ಬರೆದಿಟ್ಟುಕೊಳ್ಳಿ. ಯಾವ ಪದವಿಯ ಪಠ್ಯಕ್ರಮ ಬಂದರೂ ಆ ತಿದ್ದುಪಡಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ.